ಅಜ್ಜಿಯ ಫೋಟೊಗೆ ಎಷ್ಟು ಎಂಎಂ ಲೆನ್ಸ್ ಬೇಕು?

‘ಯಾವ ಕ್ಯಾಮೆರಾ ತಗೊಳ್ಳಲಿ?’ ನನ್ನ ಹೆಗಲಲ್ಲಿ ಕ್ಯಾಮೆರಾ ಬ್ಯಾಗ್ ಕಂಡ ಕಾಲೇಜಿನ ಗೆಳೆಯ–ಗೆಳತಿಯರು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು, ‘ಎಷ್ಟು ಮೆಗಾಪಿಕ್ಸೆಲ್?’ ಮೂರನೆಯದು, ‘ಎಷ್ಟು ಕೊಟ್ಟೆ?’ ನಾನು ತಿರುಗಿ, ‘ಯಾರ ಫೋಟೊ ತೆಗೀಬೇಕು ಅಂತಿದ್ದೀಯ?’ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಈ ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲ ಮೂರು ತಾವಾಗಿಯೇ ಬಗೆಹರಿಯುತ್ತವೆ ಎಂಬುದು ಎರಡು ವರ್ಷಗಳಲ್ಲಿ ನಾನು ಕಂಡುಕೊಂಡ ವಿಷಯ.

ನಮ್ಮಂಥವರಿಗೆ ಇದು ಬರೀ ಹವ್ಯಾಸದ ಪ್ರಶ್ನೆಯಲ್ಲ, ದುಡ್ಡಿನ ಪ್ರಶ್ನೆ. ಅಂಗಡಿಯ ಗಾಜಿನ ಹಿಂದಿರುವ ಹೊಸ ಕ್ಯಾಮೆರಾದ ಬೆಲೆ ಎಂದರೆ ಎಷ್ಟೋ ತಿಂಗಳ ಮೆಸ್ ಬಿಲ್. ಕೆಲಸ ಹುಡುಕುತ್ತಿರುವವರಿಗೆ ಅಷ್ಟೇ ಹಣದಲ್ಲಿ ಒಂದು ಕೋರ್ಸ್ ಮುಗಿಯುತ್ತದೆ. ‘ಬಡ್ಡಿಯಿಲ್ಲದ ಕಂತು’ ಎಂಬ ಬೋರ್ಡ್ ನೋಡಿ ಮನಸ್ಸು ಜಾರುವುದು ಸುಲಭ. ಹೀಗೆ ಬಂದ ಕ್ಯಾಮೆರಾಗಳಲ್ಲಿ ಕೆಲವು ಹಾಸ್ಟೆಲ್ ಬೀರುವಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಮಲಗಿರುವುದನ್ನೂ ನೋಡಿದ್ದೇನೆ. ಕಂತು ಇನ್ನೂ ತೀರಿಲ್ಲ, ತೆಗೆಯಲು ಫೋಟೊ ಉಳಿದಿಲ್ಲ! ಆದ್ದರಿಂದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿಯಾಗಿ, ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದ ಹವ್ಯಾಸಿಯಾಗಿ ನಾನು ಹಾಕಿದ ಲೆಕ್ಕಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಗೋಡೆಯ ಮೇಲಿನ ಫೋಟೊ

ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ನಮ್ಮ ಬೀದಿಯಲ್ಲಿ ಹಿರಿಯರೊಬ್ಬರು ತೀರಿಹೋದರೆ ಮನೆಯವರು ಮೊದಲು ಹುಡುಕುವುದು ಒಂದು ಫೋಟೊವನ್ನು. ಹೆಚ್ಚಿನ ಮನೆಗಳಲ್ಲಿ ಸಿಗುವುದು ಗುರುತಿನ ಚೀಟಿಯದು ಮಾತ್ರ. ಅದನ್ನೇ ದೊಡ್ಡದು ಮಾಡಿಸಿ, ಹಿಂದೆ ನೀಲಿ ಬಣ್ಣ ತುಂಬಿಸಿ, ಹಾರ ಹಾಕುತ್ತಾರೆ. ಅಂಥದ್ದೊಂದು ಮನೆಯಿಂದ ಬಂದ ನಮ್ಮ ಅಜ್ಜಿ ಕಾಲು ತೊಳೆದುಕೊಂಡು ಕೂತವಳೇ, ‘ಆವಯ್ಯ ಬದುಕಿದ್ದಾಗ ಎಂಗೆ ನಗ್ತಿದ್ದ, ಫೋಟದಲ್ಲಿ ಕಳ್ಳನ್ನ ಹಿಡ್ಕಂಡು ನಿಲ್ಸಿದಂಗೆ ಅವ್ನೆ. ಮಗ, ನಂದೊಂದು ಚೆಂದಾಗಿರೋದು ಈಗ್ಲೇ ತಗ್ದಿಡು’ ಎಂದಳು.

ಅಜ್ಜಿಯ ಮಾತಿನ ಹಿಂದೆ ಒಂದು ಲೆಕ್ಕವಿದೆ. ಚೀಟಿಯಲ್ಲಿನ ಮುಖ 3 ಸೆಂ.ಮೀ. ಎತ್ತರ ಎಂದುಕೊಳ್ಳಿ. ಅದನ್ನು ಇಂಚಿಗೆ 300 ಚುಕ್ಕಿಗಳಂತೆ ಅಚ್ಚುಮಾಡಿದ್ದರೂ ಅದರಲ್ಲಿರುವುದು ಸುಮಾರು 350 ಚುಕ್ಕಿಗಳ ಮಾಹಿತಿ. 30 ಸೆಂ.ಮೀ.ಗೆ ಹಿಗ್ಗಿಸಿದರೆ ಇಂಚಿಗೆ 30 ಚುಕ್ಕಿ ಉಳಿಯುತ್ತವೆ. ಕಣ್ಣಿನ ಸುತ್ತಲಿನ ಸುಕ್ಕು, ಮೂಗುಬೊಟ್ಟಿನ ಹೊಳಪು, ತುಟಿಯಂಚಿನ ನಗು ಯಾವುದೂ ಅಷ್ಟರಲ್ಲಿ ಹಿಡಿಸುವುದಿಲ್ಲ. ಇಲ್ಲದ ಮಾಹಿತಿಯನ್ನು ಯಾವ ಸ್ಟುಡಿಯೊ ತಾನೇ ಎಲ್ಲಿಂದ ತಂದೀತು?

ನಾನು ಆಗ ಕ್ಯಾಮೆರಾಕ್ಕಾಗಿ ದುಡ್ಡು ಕೂಡಿಸುತ್ತಿದ್ದೆ. ವಿದ್ಯಾರ್ಥಿವೇತನದಲ್ಲಿ ಉಳಿದದ್ದು, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದದ್ದು ಎಲ್ಲ ಸೇರಿ ₹30,000 ಆಗಿತ್ತು. ‘ಯಾರ ಫೋಟೊ?’ ಎಂಬ ಪ್ರಶ್ನೆಗೆ ಅಜ್ಜಿ ಉತ್ತರ ಕೊಟ್ಟಳು: ಬೀದಿಯ ಹಿರಿಯರ ಭಾವಚಿತ್ರ. ಮುಂದಿನ ಆಯ್ಕೆಗಳೆಲ್ಲ ಅಲ್ಲಿಂದ ಹೊರಟವು.

ಮೆಗಾಪಿಕ್ಸೆಲ್ ಯಾರಿಗೆ ಬೇಕು?

ಮೊದಲು ಫೋನಿನ ವಿಷಯ. ನೀವು ತೆಗೆಯುವ ಫೋಟೊ ಕೊನೆಗೆ ಇನ್ನೊಂದು ಫೋನಿನ ಪರದೆಗೇ ಹೋಗುವುದಾದರೆ, ಹಗಲಿನಲ್ಲಿ ಫೋನ್ ಕ್ಯಾಮೆರಾ ಧಾರಾಳ ಸಾಕು. ಫುಲ್ ಎಚ್‌ಡಿ ಪರದೆಯಲ್ಲಿರುವುದು 1920×1080, ಅಂದರೆ ಸುಮಾರು 20 ಲಕ್ಷ ಚುಕ್ಕಿಗಳು. 4ಕೆ ಟಿ.ವಿ.ಯಲ್ಲೂ 83 ಲಕ್ಷದಷ್ಟೇ. 24 ಮೆಗಾಪಿಕ್ಸೆಲ್ ಎಂದರೆ 6000×4000, ಅಂದರೆ 2.4 ಕೋಟಿ. ಗೋಡೆಗೆ ಹಾಕುವ 12×8 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕಿಯಂತೆ 3600×2400, ಎಂದರೆ 86 ಲಕ್ಷ ಇದ್ದರಾಯಿತು. ಹತ್ತು ವರ್ಷ ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದರ ಎರಡೂವರೆ ಪಟ್ಟಿಗಿಂತ ಹೆಚ್ಚು ಕೊಡುತ್ತದೆ. ಹಾಗಾಗಿ ಹೊಸ ಮಾದರಿಯಲ್ಲಿ ಮೆಗಾಪಿಕ್ಸೆಲ್ ಎಷ್ಟು ಏರಿದೆ ಎಂದು ನೋಡಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಹಾಗಾದರೆ ಬೇರೆ ಕ್ಯಾಮೆರಾ ಏಕೆ? ಬೆಳಕು ಕಡಿಮೆಯಾದಾಗ ಉತ್ತರ ಗೊತ್ತಾಗುತ್ತದೆ. ಸೆನ್ಸರ್ ಎಂದರೆ ಬೆಳಕನ್ನು ಹಿಡಿಯುವ ಬೋಗುಣಿ. ಮಳೆಯಲ್ಲಿ ಲೋಟ ಇಟ್ಟರೆ ಲೋಟದಷ್ಟು, ಕೊಳದಪ್ಪಲೆ ಇಟ್ಟರೆ ಕೊಳದಪ್ಪಲೆಯಷ್ಟು. ‘1/1.3 ಇಂಚು’ ಎಂದು ಜಾಹೀರಾತಿನಲ್ಲಿ ಬರುವ ಫೋನ್ ಸೆನ್ಸರ್ ನಿಜಕ್ಕೂ ಸುಮಾರು 10 ಮಿ.ಮೀ. ಅಗಲ, 7 ಮಿ.ಮೀ. ಎತ್ತರದ್ದು. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ 23.5×15.6 ಮಿ.ಮೀ. ವಿಸ್ತೀರ್ಣದಲ್ಲಿ ಐದು ಪಟ್ಟು. ಫುಲ್ ಫ್ರೇಮ್ 36×24 ಮಿ.ಮೀ., ಅದು ಎಪಿಎಸ್-ಸಿಯ ಎರಡು ಪಟ್ಟಿಗಿಂತ ಹೆಚ್ಚು. ಫೋನು ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ಸಾಫ್ಟ್‌ವೇರ್‌ನಿಂದ ಸೇರಿಸಿ ಈ ಕೊರತೆ ತುಂಬಿಕೊಳ್ಳುತ್ತದೆ. ಬಹಳ ಸಲ ಚೆನ್ನಾಗಿಯೇ ತುಂಬುತ್ತದೆ. ಆದರೆ ನಡುಮನೆಯ ಮಬ್ಬಿನಲ್ಲಿ ಕೂತ ಎಂಬತ್ತು ದಾಟಿದವರ ಚರ್ಮವನ್ನು ಅದು ನುಣ್ಣಗೆ ಮಾಡಿಬಿಡುತ್ತದೆ. ಅಜ್ಜಿಯ ಸುಕ್ಕೇ ಅಜ್ಜಿಯಲ್ಲವೇ?

ಫುಲ್ ಫ್ರೇಮ್ ನನ್ನ ಕೈಗೆ ಎಟುಕುವಂತಿರಲಿಲ್ಲ, ಅಜ್ಜಿಯ ಫೋಟೊಗೆ ಬೇಕಾಗಿಯೂ ಇರಲಿಲ್ಲ. ಬಳಸಿದ ನಿಕಾನ್ ಡಿ5300 ಜೊತೆಗೆ 18–55 ಎಂಎಂ ಕಿಟ್ ಲೆನ್ಸ್ ₹18,500ಕ್ಕೆ ಸಿಕ್ಕಿತು. 2013ರಲ್ಲಿ ಬಂದ ಮಾದರಿ ಅದು.

ಕೊಳ್ಳುವ ಮೊದಲೇ ಅಳೆಯಿರಿ

ಲೆನ್ಸ್ ಮೇಲೆ ಬರೆದಿರುವ ಎಂಎಂ, ಅಂದರೆ ಫೋಕಲ್ ಲೆಂತ್, ಎಷ್ಟು ಜಾಗ ಚೌಕಟ್ಟಿನೊಳಗೆ ಬರುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಇದಕ್ಕೆ ಎಸ್ಸೆಸ್ಸೆಲ್ಸಿಯ ಸಮರೂಪ ತ್ರಿಭುಜ ಸಾಕು. ಸೆನ್ಸರ್‌ನ ಉದ್ದದ ಬದಿಯನ್ನು ದೂರದಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ.

ನಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ನಿಂತರೆ ಅಜ್ಜಿಗೆ 10 ಅಡಿ ದೂರ. 50 ಎಂಎಂ ಲೆನ್ಸ್‌ನಲ್ಲಿ 23.5×10÷50, ಅಂದರೆ 4.7 ಅಡಿ. ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಕುರ್ಚಿಯಲ್ಲಿ ಕೂತ ಅಜ್ಜಿ ಪೂರ್ತಿ ಬರುತ್ತಾಳೆ. 35 ಎಂಎಂನಲ್ಲಿ 6.7 ಅಡಿ, ಎದ್ದು ನಿಂತರೂ ಸಾಕು. 18 ಎಂಎಂನಲ್ಲಿ 13 ಅಡಿ, ಅಜ್ಜಿಯ ಜೊತೆ ಒಲೆ, ಕ್ಯಾಲೆಂಡರ್, ಬೆಕ್ಕು ಎಲ್ಲವೂ. 85 ಎಂಎಂನಲ್ಲಿ 2.8 ಅಡಿ, ಮುಖ ಮತ್ತು ಎದೆ ಮಟ್ಟ ಮಾತ್ರ. ಇನ್ನೂ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ.

ಇಷ್ಟು ಲೆಕ್ಕಕ್ಕೆ ಒಂದು ಟೇಪು, ಒಂದು ಕಾಗದ ಸಾಕು. ಅಂಗಡಿಯವರ ಮಾತು, ವಿಡಿಯೊ ವಿಮರ್ಶೆಗಳಿಗಿಂತ ನಿಮ್ಮ ಮನೆಯ ಉದ್ದಗಲ ಹೆಚ್ಚು ನಂಬಿಕಸ್ತ.

ಇನ್ನೊಂದು ದಾರಿಯೂ ಇದೆ. ಕಿಟ್ ಲೆನ್ಸ್ ಇಟ್ಟುಕೊಂಡು ಮೂರು ತಿಂಗಳು ಬೇರೆ ಏನನ್ನೂ ಕೊಳ್ಳಬೇಡಿ. ಪ್ರತಿ ಫೋಟೊದ ಫೈಲ್‌ನೊಳಗೆ ಯಾವ ಫೋಕಲ್ ಲೆಂತ್, ಎಷ್ಟು ಶಟರ್ ವೇಗ ಎಂಬುದೆಲ್ಲ ದಾಖಲಾಗಿರುತ್ತದೆ. ನಾನು ಪೈಥಾನ್‌ನಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆದು ನನ್ನ 1,140 ಫೋಟೊಗಳನ್ನು ಎಣಿಸಿದೆ. ಇಟ್ಟುಕೊಳ್ಳಬೇಕೆನಿಸಿದ್ದು 96. ಅದರಲ್ಲಿ 61 ಫೋಟೊ 45ರಿಂದ 55 ಎಂಎಂ ನಡುವಿನವು. ಮುಂದಿನ ಲೆನ್ಸ್ ಯಾವುದೆಂದು ನನ್ನ ಫೋಟೊಗಳೇ ಹೇಳಿದವು: 50 ಎಂಎಂ.

ಎಫ್/1.8 ಎಂದರೆ ಹತ್ತು ಪಟ್ಟು ಬೆಳಕು

‘50 ಎಂಎಂ ಕಿಟ್ ಲೆನ್ಸ್‌ನಲ್ಲೇ ಇದೆಯಲ್ಲ, ಮತ್ತೊಂದು ಏಕೆ?’ ಎಂದು ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಎಫ್ ಸಂಖ್ಯೆಯಲ್ಲಿದೆ. ಫೋಕಲ್ ಲೆಂತ್ ಅನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 55 ಎಂಎಂ, ಎಫ್/5.6ರಲ್ಲಿ ಕಿಂಡಿ ಸುಮಾರು 10 ಮಿ.ಮೀ. 50 ಎಂಎಂ, ಎಫ್/1.8ರಲ್ಲಿ ಸುಮಾರು 28 ಮಿ.ಮೀ. ಸೆನ್ಸರ್‌ಗೆ ತಲುಪುವ ಬೆಳಕು ಎಫ್ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ: 9.7. ಹತ್ತಿರಹತ್ತಿರ ಹತ್ತು ಪಟ್ಟು.

ಮೋಡ ಕವಿದ ಮಧ್ಯಾಹ್ನ ನಡುಮನೆಯಲ್ಲಿ ಕಿಟ್ ಲೆನ್ಸ್ ಹಾಕಿ, ಐಎಸ್‌ಒ 1600 ಇಟ್ಟರೆ ಶಟರ್ ವೇಗ ಸೆಕೆಂಡಿನ 20ನೇ ಒಂದು ಭಾಗ ಬರುತ್ತಿತ್ತು. ಅಜ್ಜಿಯ ತಲೆ ಸದಾ ಸಣ್ಣಗೆ ಅಲ್ಲಾಡುತ್ತದೆ. ಲೆನ್ಸ್‌ನಲ್ಲಿರುವ ಕಂಪನ ನಿಯಂತ್ರಣ ನಮ್ಮ ಕೈನಡುಕವನ್ನು ಸರಿಪಡಿಸುತ್ತದೆಯೇ ಹೊರತು ಎದುರಿಗೆ ಕೂತವರ ಚಲನೆಯನ್ನಲ್ಲ. ಎಫ್/1.8ರಲ್ಲಿ ಅದೇ ಬೆಳಕಿಗೆ 200ನೇ ಒಂದು ಭಾಗ ಸಿಗುತ್ತದೆ. ಕಣ್ಣು ಕಣ್ಣಾಗಿಯೇ ಬರುತ್ತದೆ. ಶಟರ್ ವೇಗ ಹೆಚ್ಚಿಸುವ ಅಗತ್ಯವಿಲ್ಲದಿದ್ದರೆ ಐಎಸ್‌ಒ ಇಳಿಸಬಹುದು. ಹತ್ತು ಪಟ್ಟು ಬೆಳಕು ಬಿದ್ದರೆ ಚಿತ್ರದ ಸಂಕೇತ ಮತ್ತು ಗದ್ದಲದ ಅನುಪಾತ ಅದರ ವರ್ಗಮೂಲದಷ್ಟು, ಅಂದರೆ ಸುಮಾರು ಮೂರು ಪಟ್ಟು ಸುಧಾರಿಸುತ್ತದೆ. ನಾವು ಪರೀಕ್ಷೆಗೆ ಓದುವ ಸಿಗ್ನಲ್ ಮತ್ತು ನಾಯ್ಸ್ ಪಾಠ ಅಜ್ಜಿಯ ಕೆನ್ನೆಯ ಮೇಲೆ ಕಾಣಿಸುವುದು ಹೀಗೆ.

ದೊಡ್ಡ ಕಿಂಡಿಗೆ ಒಂದು ಬೆಲೆಯೂ ಇದೆ. ಒಂದೂವರೆ ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಬರೀ 6–7 ಸೆಂ.ಮೀ. ಕಣ್ಣಿಗೆ ಫೋಕಸ್ ಇದ್ದರೆ ಕಿವಿ ಮಸುಕು. ನಮ್ಮಜ್ಜಿಗೆ ಕಿವಿಯ ಬುಗುಡಿ ಕಾಣಲೇಬೇಕು! ಎಫ್/4ಕ್ಕೆ ಹೋದರೆ ಆಳ ಸುಮಾರು 14 ಸೆಂ.ಮೀ. ಆಗುತ್ತದೆ, ಬುಗುಡಿಯೂ ಬರುತ್ತದೆ. ಹಿನ್ನೆಲೆ ಮಸುಕಾದಷ್ಟೂ ಫೋಟೊ ಚೆಂದ ಎಂಬ ನಂಬಿಕೆ ನಮ್ಮ ವಯಸ್ಸಿನವರಲ್ಲಿ ಬಹಳ. ಅಜ್ಜಿಯರು ಅದನ್ನು ಒಪ್ಪುವುದಿಲ್ಲ. ಒಬ್ಬರು, ‘ನಮ್ಮನೆ ಬಾಕ್ಲು ಎಲ್ಲೋಯ್ತು?’ ಎಂದೇ ಕೇಳಿದರು.

ಪ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸ್ಸಾನ್ ತಮ್ಮ ಹೆಚ್ಚಿನ ಕೆಲಸವನ್ನು ಸಣ್ಣ ಲೈಕಾ ಕ್ಯಾಮೆರಾ, 50 ಎಂಎಂ ಲೆನ್ಸ್‌ನಿಂದಲೇ ಮಾಡಿದರು. ಅವರದು 36×24 ಮಿ.ಮೀ.ನ ಫಿಲಂ. ಎಪಿಎಸ್-ಸಿಯಲ್ಲಿ ಅದೇ ನೋಟ ಬೇಕೆಂದರೆ 35 ಎಂಎಂ ಲೆನ್ಸ್ ಕೊಳ್ಳಬೇಕು, 50 ಎಂಎಂ ಇಲ್ಲಿ 75ರಂತೆ ಬಿಗಿಯಾಗಿ ಕಾಣುತ್ತದೆ. ಬೀದಿ, ಜಾತ್ರೆ, ಗೆಳೆಯರ ಗುಂಪು ನಿಮ್ಮ ವಿಷಯವಾದರೆ 35, ಮುಖಗಳಾದರೆ 50.

ಕೊಂಡಿ ಕೂಡದಿದ್ದರೆ ಲೆನ್ಸ್ ಕಲ್ಲು

ಕ್ಯಾಮೆರಾ ಮತ್ತು ಲೆನ್ಸ್ ಸೇರುವ ಜಾಗಕ್ಕೆ ಮೌಂಟ್ ಎನ್ನುತ್ತಾರೆ. ನೀವು ಕೊಳ್ಳುವುದು ಒಂದು ಕ್ಯಾಮೆರಾವಲ್ಲ, ಒಂದು ಮೌಂಟ್. ನಿಕಾನ್‌ನ ಎಫ್ ಮೌಂಟ್ 1959ರಿಂದ, ಕ್ಯಾನನ್‌ನ ಇಎಫ್ ಮೌಂಟ್ 1987ರಿಂದ ಇವೆ. 2018ರಲ್ಲಿ ಎರಡೂ ಕಂಪನಿಗಳು ಮಿರರ್‌ಲೆಸ್‌ಗಾಗಿ ಹೊಸ ಮೌಂಟ್ ತಂದವು: ನಿಕಾನ್ ಝಡ್, ಕ್ಯಾನನ್ ಆರ್‌ಎಫ್. ಅಲ್ಲಿಂದೀಚೆಗೆ ಅನೇಕರು ಮಿರರ್‌ಲೆಸ್‌ಗೆ ಹೋದರು, ಅವರ ಡಿಎಸ್‌ಎಲ್‌ಆರ್‌ಗಳು ಬಳಸಿದ ವಸ್ತುಗಳ ಮಾರುಕಟ್ಟೆಗೆ ಬಂದವು. ಕಡಿಮೆ ದುಡ್ಡಿನವರಿಗೆ ಇದು ಒಳ್ಳೆಯ ಕಾಲ.

ಹಳೆಯ ಲೆನ್ಸ್ ಮುಂದೆ ವ್ಯರ್ಥವಾಗುತ್ತದೆಯೇ? ಇಲ್ಲ. ಎಫ್ ಮೌಂಟ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್‌ಗೆ 46.5 ಮಿ.ಮೀ., ಝಡ್‌ನಲ್ಲಿ 16 ಮಿ.ಮೀ. ಮಾತ್ರ. ನಡುವಿನ 30.5 ಮಿ.ಮೀ. ಜಾಗಕ್ಕೆ ಒಂದು ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸ್ ಹೊಸ ಕ್ಯಾಮೆರಾಕ್ಕೆ ಕೂರುತ್ತದೆ. ಹೊಸ ಲೆನ್ಸನ್ನು ಹಳೆಯ ಕ್ಯಾಮೆರಾಕ್ಕೆ ಹಾಕಲಾಗದು, ಇರುವ ಜಾಗವನ್ನು ಕಡಿಮೆ ಮಾಡುವ ಅಡಾಪ್ಟರ್ ಇರಲು ಸಾಧ್ಯವಿಲ್ಲ.

ಒಂದೇ ಮೌಂಟ್‌ನಲ್ಲೂ ಒಂದು ಸಂಗತಿ ನೋಡಿಕೊಳ್ಳಬೇಕು. ನಿಕಾನ್‌ನ ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಗುವ ‘ಎಎಫ್ 50 ಎಂಎಂ ಎಫ್/1.8 ಡಿ’ ಲೆನ್ಸ್‌ನಲ್ಲೂ ಮೋಟಾರ್ ಇಲ್ಲ. ಎರಡನ್ನೂ ಸೇರಿಸಿದರೆ ಆಟೊಫೋಕಸ್ ಆಗದು, ಕೈಯಲ್ಲೇ ತಿರುಗಿಸಬೇಕು. ‘ಎಎಫ್-ಎಸ್’ ಎಂದು ಬರೆದಿರುವ ಲೆನ್ಸ್‌ನೊಳಗೇ ಮೋಟಾರ್ ಇರುತ್ತದೆ. ಜಾಹೀರಾತಿನಲ್ಲಿ ಎರಡೂ ‘ನಿಕಾನ್ 50 ಎಂಎಂ’ ಎಂದೇ ಕಾಣುತ್ತವೆ. ಆ ಎರಡು ಅಕ್ಷರ ನೋಡಿಯೇ ದುಡ್ಡು ಕೊಡಿ. ನಾನು ಬಳಸಿದ ಎಎಫ್-ಎಸ್ 50 ಎಂಎಂ ಲೆನ್ಸನ್ನು ₹6,500ಕ್ಕೆ ಕೊಂಡೆ.

ಹಳೆಯದನ್ನು ಕೊಳ್ಳುವಾಗ

ಬಳಸಿದ ಕ್ಯಾಮೆರಾ ನೋಡಲು ಹೋಗುವಾಗ ಒಬ್ಬರೇ ಹೋಗಬೇಡಿ. ಜನರಿರುವ ಜಾಗದಲ್ಲಿ, ಹಗಲಲ್ಲಿ ಭೇಟಿಯಾಗಿ. ನಿಮ್ಮದೇ ಮೆಮೊರಿ ಕಾರ್ಡ್, ಒಂದು ಸಣ್ಣ ಟಾರ್ಚ್ ಜೊತೆಗಿರಲಿ.

ಲೆನ್ಸ್‌ನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡ. ಎಫ್/16 ಇಟ್ಟು ತಿಳಿಯಾದ ಆಕಾಶದ ಫೋಟೊ ತೆಗೆಯಿರಿ. ಕಪ್ಪು ಚುಕ್ಕಿಗಳು ಕಂಡರೆ ಅವು ಸೆನ್ಸರ್ ಮೇಲಿನ ಧೂಳು. ತೊಳೆಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಎಂದು ಕೇಳಿ. ಹತ್ತಿರದ್ದು, ದೂರದ್ದು ಎರಡಕ್ಕೂ ಫೋಕಸ್ ಮಾಡಿ ನೋಡಿ. ಲೆನ್ಸ್ ಬಿಚ್ಚಿ ಚಿನ್ನದ ಬಣ್ಣದ ಸಂಪರ್ಕ ಬಿಂದುಗಳು ಸ್ವಚ್ಛವಾಗಿವೆಯೇ ನೋಡಿ.

ಸ್ಕೂಟರಿಗೆ ಕಿಲೋಮೀಟರ್ ಇದ್ದಂತೆ ಕ್ಯಾಮೆರಾಕ್ಕೆ ಶಟರ್ ಎಣಿಕೆ. ಆರಂಭಿಕ ಮಟ್ಟದ ಡಿಎಸ್‌ಎಲ್‌ಆರ್‌ಗಳ ಶಟರ್ ಅನ್ನು ಸಾಮಾನ್ಯವಾಗಿ ಒಂದು ಲಕ್ಷ ಕ್ಲಿಕ್‌ಗಳ ಆಸುಪಾಸಿಗೆ ಪರೀಕ್ಷಿಸಿರುತ್ತಾರೆ. ನಿಕಾನ್‌ನಲ್ಲಿ ಈ ಎಣಿಕೆ ಫೋಟೊ ಫೈಲ್‌ನೊಳಗೇ ಇರುತ್ತದೆ. ನಾನು ಕೊಂಡ ಕ್ಯಾಮೆರಾ 14,200 ತೋರಿಸಿತು. ಕೊನೆಯದಾಗಿ, ಮೂಲ ಬಿಲ್ ಕೇಳಿ. ಅದರ ಕ್ರಮಸಂಖ್ಯೆ ಕ್ಯಾಮೆರಾ ಅಡಿಯ ಸಂಖ್ಯೆಗೆ ಹೊಂದಬೇಕು. ಹೊಂದದಿದ್ದರೆ ಎದ್ದು ಬನ್ನಿ, ಕದ್ದ ಮಾಲಿಗೆ ಕಡಿಮೆ ಬೆಲೆ ಎಂಬುದೇ ಇಲ್ಲ.

ಜಗಲಿಯ ಬೆಳಕು ಪುಕ್ಕಟೆ

ಕ್ಯಾಮೆರಾ ಬಂದ ಮೇಲೆ ಕಲಿತದ್ದು ಬೆಳಕು. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದಲ್ಲಿ ನಿಲ್ಲಿಸಿದರೆ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು, ಹಣೆಯಲ್ಲಿ ಬಿಳಿ ಮಚ್ಚೆ. ಅದೇ ಹೊತ್ತಿನಲ್ಲಿ ಜಗಲಿಯ ಅಂಚಿಗೆ, ಸೂರಿನ ನೆರಳಿನೊಳಗೆ, ಮುಖ ಹೊರಗೆ ಮಾಡಿ ಕೂರಿಸಿದರೆ ಆಕಾಶವೆಲ್ಲ ಒಂದು ದೊಡ್ಡ ಮೆತ್ತನೆಯ ದೀಪವಾಗುತ್ತದೆ. ಸ್ಟುಡಿಯೊಗಳು ದೊಡ್ಡ ಕೊಡೆ, ಬಟ್ಟೆಯ ಪೆಟ್ಟಿಗೆ ಇಟ್ಟು ಸೃಷ್ಟಿಸುವ ಬೆಳಕು ಇದೇ. ಒಳಗೆ ತೆಗೆಯುವುದಾದರೆ ಕಿಟಕಿಯ ಪಕ್ಕ ಓರೆಯಾಗಿ ಕೂರಿಸಿ, ಟ್ಯೂಬ್‌ಲೈಟ್ ಆರಿಸಿಬಿಡಿ. ಎರಡು ಬಣ್ಣದ ಬೆಳಕು ಬೆರೆತರೆ ಅರ್ಧ ಮುಖ ಹಳದಿ, ಅರ್ಧ ನೀಲಿಯಾಗುತ್ತದೆ.

ಕ್ಯಾಮೆರಾದ ಬೆಳಕಿನ ಮಾಪಕ ಎದುರಿನದೆಲ್ಲ ಸರಾಸರಿ ಬೂದು ಎಂದುಕೊಳ್ಳುತ್ತದೆ. ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಪೇಟದ ತಾತ ಚೌಕಟ್ಟಿನ ತುಂಬ ಇದ್ದರೆ ಬಿಳಿಯನ್ನು ಬೂದು ಮಾಡಲು ಹೋಗಿ ಅವರ ಮುಖವನ್ನು ಕಪ್ಪಾಗಿಸುತ್ತದೆ. ‘ಪ್ಲಸ್–ಮೈನಸ್’ ಗುಂಡಿ ಒತ್ತಿ +0.7 ಅಥವಾ +1 ಇಡಿ. ಕತ್ತಲ ಹಿನ್ನೆಲೆಯಾದರೆ ಅಷ್ಟೇ ಕಡೆಗೆ ಇಳಿಸಿ. ನಾನು ‘ಎ’ ಮೋಡ್‌ನಲ್ಲಿ ಎಫ್ ಸಂಖ್ಯೆ ಮಾತ್ರ ನಿರ್ಧರಿಸಿ, ಶಟರ್ ವೇಗ 125ನೇ ಒಂದು ಭಾಗಕ್ಕಿಂತ ನಿಧಾನವಾಗದಂತೆ ಐಎಸ್‌ಒ ನೋಡಿಕೊಳ್ಳುತ್ತೇನೆ. ಉಳಿದ ಗಮನವೆಲ್ಲ ಮಾತಿನ ಮೇಲೆ. ‘ನಿಮ್ಮ ಮದ್ವೆ ಯಾವ ವರ್ಷ ಆಯ್ತು?’ ಎಂದು ಕೇಳಿ ಎರಡು ನಿಮಿಷ ಕಾದರೆ ಗುರುತಿನ ಚೀಟಿಯ ಮುಖ ಹೋಗಿ ಅವರದೇ ಮುಖ ಬರುತ್ತದೆ.

ಈ ವಿಷಯದಲ್ಲಿ ನಮ್ಮ ಪಕ್ಕದಲ್ಲೇ ಗುರುಗಳಿದ್ದರು. ಮೈಸೂರಿನ ಟಿ.ಎಸ್. ಸತ್ಯನ್, ಪದ್ಮಶ್ರೀ ಪಡೆದ ಪತ್ರಿಕಾ ಛಾಯಾಗ್ರಾಹಕ. ಅವರ ಕಪ್ಪು–ಬಿಳುಪು ಚಿತ್ರಗಳಲ್ಲಿ ಹೆಚ್ಚಾಗಿ ಇರುವುದು ಸಾಧಾರಣ ಜನ, ಮಕ್ಕಳು, ದಿನದ ಕೆಲಸ. ಅವುಗಳನ್ನು ನೋಡುವಾಗ ಯಾವ ಲೆನ್ಸ್ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಉದ್ದ ಲೆನ್ಸ್‌ನ ಆಸೆ

ಹಕ್ಕಿ ಫೋಟೊ ತೆಗೆಯುವ ಗೆಳೆಯರು 600 ಎಂಎಂ ಲೆನ್ಸ್‌ನ ಕನಸು ಕಾಣುತ್ತಾರೆ. ತಪ್ಪಲ್ಲ. ಆದರೆ ಜಾಗಕ್ಕೆ ತಕ್ಕ ಲೆನ್ಸ್ ಕೊಳ್ಳಲು ದುಡ್ಡಿಲ್ಲದಿದ್ದರೆ ಲೆನ್ಸ್‌ಗೆ ತಕ್ಕ ಜಾಗ ಹುಡುಕಬಹುದು. ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆ ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. 20 ಮೀಟರ್ ದೂರದಿಂದ 200 ಎಂಎಂ ಲೆನ್ಸ್‌ನ ಚೌಕಟ್ಟಿನ ಎತ್ತರ 15.6×20÷200, ಅಂದರೆ 1.56 ಮೀಟರ್. ಹಕ್ಕಿ ಮೂರನೇ ಎರಡು ಭಾಗ ತುಂಬುತ್ತದೆ. ಕಿಟ್ ಲೆನ್ಸ್‌ನ 55 ಎಂಎಂನಲ್ಲಿ 5.7 ಮೀಟರ್ ಬರುತ್ತದೆ: ಗೂಡು, ಕೊಂಬೆ, ಕೆಳಗಿನ ಹೆಂಚಿನ ಮನೆ. ನನಗೆ ಕೇಳಿದರೆ ಊರಿನ ಕಥೆ ಹೇಳುವುದು ಈ ಎರಡನೆಯ ಚಿತ್ರವೇ. ಗೂಡಿನ ಹತ್ತಿರ ಸದ್ದು ಮಾಡುವುದು, ಹಾರಲಿ ಎಂದು ಕಲ್ಲೆಸೆಯುವುದು ಮಾತ್ರ ಬೇಡ. ಫೋಟೊಗಿಂತ ಮರಿ ದೊಡ್ಡದು.

ಕಾಪಾಡಿಕೊಳ್ಳುವುದು

ಲೆನ್ಸ್‌ಗೆ ನಮ್ಮ ಮಳೆಗಾಲವೇ ಶತ್ರು. ಮಲೆನಾಡು, ಕರಾವಳಿಯವರಿಗಂತೂ ಹೇಳಬೇಕಿಲ್ಲ. ಗಾಳಿಯ ತೇವ ಹೆಚ್ಚಿ, ಬೆಳಕಿಲ್ಲದ ಚರ್ಮದ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ತೇವ ಶೇ 40ರಿಂದ 50ರೊಳಗೆ ಇರಲಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಬೇಡ. ಲೆನ್ಸ್ ಗಾಜನ್ನು ಅಂಗಿಯ ಚುಂಗಿನಿಂದ ಒರೆಸದೆ ಮೊದಲು ಗಾಳಿಬುರುಡೆಯಿಂದ ಧೂಳು ಊದಿ. ಎಲ್ಲಕ್ಕಿಂತ ಒಳ್ಳೆಯ ಮದ್ದು, ವಾರಕ್ಕೊಮ್ಮೆಯಾದರೂ ಕ್ಯಾಮೆರಾ ಹೊರಗೆ ತೆಗೆಯುವುದು.

ನನ್ನ ₹30,000ದ ಲೆಕ್ಕ ಹೀಗೆ ಮುಗಿಯಿತು: ಕ್ಯಾಮೆರಾ, ಕಿಟ್ ಲೆನ್ಸ್ ₹18,500, 50 ಎಂಎಂ ₹6,500, ಕಾರ್ಡ್, ಡಬ್ಬ, ತೇವಮಾಪಕ, ಗಾಳಿಬುರುಡೆ ₹1,700, ಇನ್ನೊಂದು ಬ್ಯಾಟರಿ ₹1,300. ಉಳಿದ ₹2,000 ಪ್ರಿಂಟ್‌ಗಳಿಗೆ. ಓಡಾಟದ ಬಸ್ ಚಾರ್ಜು ಶಕ್ತಿ ಯೋಜನೆಯಿಂದ ಉಳಿಯಿತು. ಕಂತಿಲ್ಲ, ಸಾಲವಿಲ್ಲ. ಬಹಳಷ್ಟು ಹವ್ಯಾಸಿಗಳು ಪ್ರಿಂಟ್‌ಗೆಂದು ದುಡ್ಡೇ ಎತ್ತಿಡುವುದಿಲ್ಲ. ಆದರೆ ನಮ್ಮ ಬೀದಿಯ ಹಿರಿಯರಿಗೆ ಫೋಟೊ ಎಂದರೆ ಕೈಯಲ್ಲಿ ಹಿಡಿಯುವ ಕಾಗದ, ಫೋನಿನಲ್ಲಿ ಬೆರಳಿಂದ ಸರಿಸುವುದಲ್ಲ.

‘ಇದರಿಂದ ಸಂಪಾದನೆ ಆಗುತ್ತಾ?’ ಎಂದು ಕೆಲಸ ಹುಡುಕುತ್ತಿರುವ ಗೆಳೆಯರು ಕೇಳುತ್ತಾರೆ. ಆಗಬಹುದು. ಮದುವೆ ಛಾಯಾಗ್ರಾಹಕರ ಜೊತೆ ಸಹಾಯಕರಾಗಿ ಹೋಗುವವರನ್ನು ಬಲ್ಲೆ. ಅಲ್ಲಿ ಮೊದಲು ಬೇಕಾಗುವುದು ದುಬಾರಿ ಕ್ಯಾಮೆರಾ ಅಲ್ಲ. ಹೇಳಿದ ಹೊತ್ತಿಗೆ ಹೋಗುವುದು, ಫೈಲ್‌ಗಳನ್ನು ಎರಡು ಕಡೆ ಜೋಪಾನವಾಗಿ ಉಳಿಸುವುದು, ಬಣ್ಣ ತಿದ್ದಲು ಬರುವುದು. ಸಂಪಾದನೆ ಶುರುವಾದ ಮೇಲೆ ಕ್ಯಾಮೆರಾ ಬದಲಿಸಿ. ಕ್ಯಾಮೆರಾ ಬದಲಿಸಿದರೆ ಸಂಪಾದನೆ ಬರುತ್ತದೆ ಎಂದು ಸಾಲ ಮಾಡಬೇಡಿ. ಬೆಂಗಳೂರಿನಲ್ಲಿರುವವರು 1971ರಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿ ಸಂಘಗಳ ಕಡೆ ಹೋಗಿ ನೋಡಿ. ಬೇರೆಯವರ ಫೋಟೊ ನೋಡುತ್ತ, ನಮ್ಮದನ್ನು ಬೇರೆಯವರ ಮುಂದಿಟ್ಟು ಕಲಿಯುವುದು ಯಾವ ಲೆನ್ಸ್‌ಗಿಂತಲೂ ಅಗ್ಗ.

ಇಲ್ಲಿಯವರೆಗೆ ನಮ್ಮ ಬೀದಿಯ 27 ಹಿರಿಯರ ಫೋಟೊ ಆಗಿವೆ. ಅವರಲ್ಲಿ ಇಬ್ಬರು ಈಗಿಲ್ಲ. ಆ ಎರಡು ಮನೆಯವರೂ ಗುರುತಿನ ಚೀಟಿ ಹಿಡಿದು ಸ್ಟುಡಿಯೊಗೆ ಓಡಬೇಕಾಗಲಿಲ್ಲ, ಫೋಟೊ ಆಗಲೇ ಗೋಡೆಯಲ್ಲಿತ್ತು. ಒಬ್ಬರು ಎಲೆಯಡಿಕೆ ಹಾಕಿಕೊಂಡು, ಇನ್ನೊಬ್ಬರು ಕರುವಿನ ಕತ್ತು ಸವರುತ್ತ ನಗುತ್ತಿದ್ದಾರೆ. ನಮ್ಮಜ್ಜಿ ತನ್ನ ಮೂರು ಫೋಟೊ ತಿರಸ್ಕರಿಸಿ ನಾಲ್ಕನೆಯದನ್ನು ಒಪ್ಪಿದ್ದಾಳೆ. ಬುಗುಡಿ ಕಾಣಿಸುತ್ತಿದೆ. ‘ಸೀರೆ ಬದ್ಲಾಯಿಸ್ಕಂಡು ಇನ್ನೊಂದು ತಗೀಬೇಕು’ ಎಂಬ ಬೇಡಿಕೆ ಬಾಕಿಯಿದೆ.